ಬೊಂಬೆ ಸಿಪಾಯಿಯ ಖಾಕಿ

ಸೀಸದಲ್ಲಿಯೋ ಪ್ಲಾಸ್ಟಿಕ್ಕಿನಲ್ಲಿಯೋ ಎರಕ ಹೊಯ್ದ ಬೆರಳುದ್ದದ ಸೈನಿಕ ಬೊಂಬೆಗಳಿಗೆ ಆಯಾ ಕಾಲದ ಸಮವಸ್ತ್ರದ ಬಣ್ಣವನ್ನೇ ಬಳಿಯುವ ಹವ್ಯಾಸವೊಂದುಂಟು. ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ಇದು ಬಹುಕಾಲದಿಂದ ನಡೆದುಬಂದಿದೆ. ಈ ಹವ್ಯಾಸಿಗಳಿಗಾಗಿ ‘ಖಾಕಿ’ ಎಂದು ಚೀಟಿ ಅಂಟಿಸಿದ ಬಣ್ಣದ ಸೀಸೆಗಳೇ ದೊರೆಯುತ್ತವೆ. ಆ ಚೀಟಿಯನ್ನು ನಂಬುವುದಕ್ಕಿಂತ ಬಣ್ಣವನ್ನು ತಾವೇ ಬೆರಸಿಕೊಳ್ಳುವುದು ಮೇಲೆಂಬುದು ನಮ್ಮ ಅಭಿಮತ.

ಖಾಕಿ ಎಂಬ ಒಂದೇ ಬಣ್ಣ ಎಂದೂ ಇರಲಿಲ್ಲ. ಹ್ಯಾರಿ ಲಮ್ಸ್‌ಡನ್ ಎಂಬಾತ 1846ರಲ್ಲಿ ಪೇಷಾವರದಲ್ಲಿ ಕಟ್ಟಿದ ಗೈಡ್ಸ್ ದಳದವರು ಇದನ್ನು ಮೊದಮೊದಲು ತೊಟ್ಟವರು. ಧೂಳು ಎಂಬರ್ಥದ ಪಾರಸಿ ಮಾತಿನಿಂದ ಹೆಸರು ಬಂತು. ಧೂಳಾದರೋ ಊರೂರಿಗೆ ಬೇರೆ! ಮಂಗಳೂರಿನ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಯ ಹಾಲರ್ ಎಂಬಾತನು ಖಾಕಿ ಬಣ್ಣವನ್ನು ಸಿದ್ಧಪಡಿಸಿದನೆಂದು ಆ ಊರಿನವರು ಅಭಿಮಾನದಿಂದ ಹೇಳಿಕೊಳ್ಳುವುದುಂಟು. 1902ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ವಿಧಿಸಿದ ಉಣ್ಣೆಯ ಖಾಕಿ ಹಸಿರು ಬೆರೆತ ಕಂದು; ಬಿಸಿಲ ನಾಡುಗಳಲ್ಲಿ ತೊಟ್ಟ ಹತ್ತಿಯ ಖಾಕಿ ಮರಳಿನಂತೆ ತಿಳಿಯಾದುದು. ಅದೂ ಅಗಸನ ಕೈಗೆ ಹೋದಷ್ಟು ಸಲವೂ ಮಾಸುತ್ತಿತ್ತು.

ಇನ್ನು ಭೌತವಿಜ್ಞಾನದ ಮಾತು. ನಮ್ಮ ಅಕ್ಷಿಪಟದಲ್ಲಿ ಬಣ್ಣವನ್ನು ಗ್ರಹಿಸುವ ಶಂಕುಕೋಶಗಳು ಮೂರೇ ಬಗೆ. ಬಟ್ಟೆಯ ಬಣ್ಣವೂ ಸೀಸೆಯ ಬಣ್ಣವೂ ಬೇರೆ ಬೇರೆ ವರ್ಣದ್ರವ್ಯಗಳಿಂದಾದವು. ಯಾವ ತರಂಗದೂರದ ಬೆಳಕನ್ನು ಎಷ್ಟು ಪ್ರತಿಫಲಿಸುತ್ತವೆ ಎಂಬುದರಲ್ಲಿ ಅವೆರಡಕ್ಕೂ ಹೋಲಿಕೆಯಿರಬೇಕಾದುದಿಲ್ಲ. ಆದರೂ ಮೂರು ಬಗೆಯ ಕೋಶಗಳಲ್ಲಿಯೂ ಸಮಾನವಾದ ಪ್ರಚೋದನೆಯುಂಟಾದರೆ ಕಣ್ಣು ಅವೆರಡನ್ನೂ ಒಂದೇ ಎನ್ನುತ್ತದೆ. ಬೆಳಕು ಬದಲಾದರೆ ಈ ಒಪ್ಪಂದ ಮುರಿಯುತ್ತದೆ. ಹಗಲಿನಲ್ಲಿ ಹೊಂದಿದ ಖಾಕಿಗಳು ದೀಪದಡಿಯಲ್ಲಿ ಒಂದು ಹಸಿರಾಗಿಯೂ ಒಂದು ಕೆಂಪಾಗಿಯೂ ತೋರುವುದು ಇದರಿಂದಲೇ. ಸೀರೆಗೆ ರವಿಕೆಯ ಕಣ ಆರಿಸುವ ಹೆಂಗಸರು ಅಂಗಡಿಯ ಬಾಗಿಲಿಗೆ ಬಂದು ನೋಡುವುದರಲ್ಲಿ ಎಷ್ಟು ವಿವೇಕವಿದೆ!

ಹವ್ಯಾಸಿಗಳಲ್ಲಿ ಇನ್ನೊಂದು ನಂಬಿಕೆಯಿದೆ. ಬೊಂಬೆ ಎಂದರೆ ದೂರದಿಂದ ಕಂಡ ಮನುಷ್ಯ. ನಡುವಣ ಗಾಳಿ ಬಣ್ಣವನ್ನು ಮಸುಕುಗೊಳಿಸುವುದರಿಂದ ಬಿಳಿ ಬೆರಸಬೇಕು ಎಂಬುದು ಅವರ ವಾದ. ಲೆಕ್ಕ ಹಾಕೋಣ. ನಿಜದ 35ರಲ್ಲಿ ಒಂದು ಪಾಲಿನ ಬೊಂಬೆಯನ್ನು 30 ಸೆಂಟಿಮೀಟರ್ ದೂರದಿಂದ ನೋಡುವುದೆಂದರೆ ಸಿಪಾಯಿಯನ್ನು ಹತ್ತೂವರೆ ಮೀಟರ್ ದೂರದಿಂದ ನೋಡಿದಂತೆ. 72ರಲ್ಲಿ ಒಂದು ಪಾಲಿನದಾದರೆ ಸುಮಾರು 22 ಮೀಟರ್. ರಸ್ತೆಯಾಚೆ ನಿಂತ ಪೋಲೀಸನ ಅಂಗಿ ಗಾಳಿಯಿಂದ ಬಿಳಿಚಿದುದನ್ನು ಕಂಡವರುಂಟೆ?

ಆದರೂ ಬೊಂಬೆ ಮಂಕಾಗಿ ಕಾಣುವುದು ನಿಜ. ದೋಷ ಗಾಳಿಯದಲ್ಲ, ಕೋಣೆಯದು. ಮಧ್ಯಾಹ್ನದ ಬಿಸಿಲಿನಲ್ಲಿ ಸುಮಾರು ಒಂದು ಲಕ್ಷ ಲಕ್ಸ್ ಬೆಳಕಿದ್ದರೆ ಮನೆಯ ದೀಪದಡಿಯಲ್ಲಿ ಕೆಲವು ನೂರು ಲಕ್ಸ್ ಮಾತ್ರ. ಬೆಳಕು ಕುಗ್ಗಿದಂತೆ ಕಣ್ಣಿಗೆ ಬಣ್ಣದ ಕಾವೂ ಕುಗ್ಗುತ್ತದೆ. ಅದಕ್ಕೆ ಬಿಳಿ ಬೆರಸಿದರೆ ಬಣ್ಣ ತಿಳಿಯಾದೀತು, ಉಳಿದಿದ್ದ ಕಾವೂ ಹೋದೀತು. ಹಳದಿ ಓಕರ್ ಮಣ್ಣಿನ ಬಣ್ಣಕ್ಕೆ ಚಿಟಿಕೆ ಕಪ್ಪನ್ನು ಕೂಡಿಸಿದರೆ ಅದು ಹಸಿರಿಗೆ ತಿರುಗುವುದನ್ನು ನೋಡಿ ವಿದ್ಯಾರ್ಥಿಗಳು ಬೆರಗಾಗುವರು. ಅದಕ್ಕೆ ಕೊಂಚ ಕಂದು ಸೇರಿಸಿದರೆ ಖಾಕಿಯಾಯಿತು. ತಿಳಿಗೊಳಿಸಬೇಕಾದರೆ ಬಿಳಿಯ ಬದಲು ಅದೇ ಹಳದಿಯನ್ನು ಹೆಚ್ಚಿಸತಕ್ಕದ್ದು. ಬೊಂಬೆಯನ್ನು ಯಾವ ದೀಪದ ಕೆಳಗೆ ಇಡುವಿರೋ ಅದರ ಕೆಳಗೇ ಬೆರಸಿ, ಕಾಗದದ ಮೇಲೆ ಒಂದು ಬೊಟ್ಟಿಟ್ಟು, ಒಣಗಿದ ಮೇಲೆ ನೋಡಿರಿ.