ತಾತನ ಲೆಕ್ಕ: ಬೇಲಿಗೆ ಮೊದಲು ಟೇಪು

ಮಕ್ಕಳೇ, ಹೋದ ಭಾನುವಾರ ಚನ್ನಪಟ್ಟಣದ ನಮ್ಮ ಮನೆಯ ಹಿತ್ತಿಲಿಗೆ ಬೇಲಿಯ ಕಲ್ಲುಕಂಬಗಳು ಬಂದಿಳಿದವು. ಮೊಮ್ಮಗಳು ಕೇಳಿದಳು: "ತಾತ, ನಮ್ಮ ಜಾಗಕ್ಕೆ ಬೇಲಿ ಹಾಕೋಕೂ ಯಾರನ್ನಾದ್ರೂ ಕೇಳ್ಬೇಕಾ?"

ಕೇಳಬೇಕು ಪುಟ್ಟಿ. 1964ರ ಕರ್ನಾಟಕ ಪುರಸಭೆಗಳ ಕಾಯಿದೆಯಲ್ಲಿ 'ಕಟ್ಟಡ' ಎಂದರೆ ಮನೆಯಷ್ಟೇ ಅಲ್ಲ, ಗೋಡೆಯೂ ಸೇರುತ್ತದೆ. ಆದ್ದರಿಂದ ರಾಮನಗರ, ಚನ್ನಪಟ್ಟಣ, ಕನಕಪುರದವರು ನಗರಸಭೆಯಲ್ಲಿ, ಮಾಗಡಿಯವರು ಪುರಸಭೆಯಲ್ಲಿ, ಹಳ್ಳಿಯವರು ಗ್ರಾಮ ಪಂಚಾಯಿತಿಯಲ್ಲಿ ಮೊದಲು ವಿಚಾರಿಸಬೇಕು. ಬರೀ ತಂತಿ ಬೇಲಿಯಾದರೂ ರಸ್ತೆ, ಚರಂಡಿಯ ಮೇಲೆ ಚಾಚುವಂತಿಲ್ಲ.

ಅನುಮತಿ ಸಿಕ್ಕಿದರೆ ಮುಗಿಯಿತೇ? ಇಲ್ಲ. ಆ ಕಾಗದ ಕಟ್ಟಲು ಒಪ್ಪಿಗೆ ಕೊಡುತ್ತದೆಯೇ ಹೊರತು ಗಡಿ ಎಲ್ಲಿದೆ ಎಂದು ಹೇಳುವುದಿಲ್ಲ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು.

ಮೂವತ್ತು ವರ್ಷದ ಹಿಂದೆ ಊರಿನ ತೋಟದ ಮನೆಗೆ ಬೇಲಿ ಹಾಕಿಸಿದೆ. ಅಳೆಸಲಿಲ್ಲ, ಹಳೇ ಲಂಟಾನ ಪೊದೆಯ ಸಾಲನ್ನೇ ಗಡಿ ಎಂದುಕೊಂಡೆ. ಪಕ್ಕದ ತೋಟದ ಹಿರಿಯರು ಜಗಳಕ್ಕೆ ಬರಲಿಲ್ಲ. ಯುಗಾದಿಗೆ ಬೇವು ಬೆಲ್ಲ ತೆಗೆದುಕೊಳ್ಳಲು ಬರುವುದನ್ನು ಮಾತ್ರ ನಿಲ್ಲಿಸಿಬಿಟ್ಟರು. ನಾಲ್ಕು ವರ್ಷದ ಮೇಲೆ ಅವರ ಮಕ್ಕಳು ಹದ್ದುಬಸ್ತಿಗೆ ಅರ್ಜಿ ಹಾಕಿದರು. ಸರ್ವೆಯವರು ಇಬ್ಬರಿಗೂ ನೋಟಿಸು ಕೊಟ್ಟು, 33 ಅಡಿಯ ಸರಪಳಿ ಎಳೆದರು. ಮೂರು ಸರಪಳಿ ಉದ್ದಕ್ಕೂ ನನ್ನ ಬೇಲಿ ಅವರ ಕಡೆಗೆ ಒಂದಡಿ ಸರಿದಿತ್ತು!

ಲೆಕ್ಕ ನೋಡಿ: 99 ಅಡಿ ಉದ್ದ, 1 ಅಡಿ ಅಗಲ, ಅಂದರೆ 99 ಚದರಡಿ. ಒಂದು ಗುಂಟೆಗೆ 33 × 33, ಅಂದರೆ 1089 ಚದರಡಿ. ಗುಂಟೆಯ ಹನ್ನೊಂದರಲ್ಲಿ ಒಂದು ಪಾಲು ನಾನು ನುಂಗಿದ್ದೆ. ಬ್ಯಾಂಕಿನಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಎಂಟರವರೆಗೂ ಕೂತು ಹುಡುಕುತ್ತಿದ್ದವನು ನಾನು!

ಬೇಲಿ ಕಿತ್ತು ಹಿಂದಕ್ಕೆ ಹಾಕಿಸಿದೆ. ಅದನ್ನು ನೋಡಲು ಆ ಹಿರಿಯರು ಇರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಅಡಿ ಜಾಗ ವಾಪಸು ಕೊಟ್ಟೆ, ನಾಲ್ಕು ಯುಗಾದಿ ಕೊಡಲಾಗಲಿಲ್ಲ.

ಈಗ ಹದ್ದುಬಸ್ತಿಗೆ ನಾಡಕಚೇರಿಯಲ್ಲೇ ಅರ್ಜಿ ಕೊಡಬಹುದು. ನೆರೆಯವರನ್ನು ಎದುರಿಗೆ ನಿಲ್ಲಿಸಿಕೊಂಡು ಅಳೆಯಲು ಅರ್ಜಿಯೂ ಬೇಡ. ಭಾನುವಾರ ಪತ್ರಗಳನ್ನು ಮುಂದಿಟ್ಟುಕೊಂಡೇ ಅಳೆದೆವು. ಟೇಪಿನ ಒಂದು ತುದಿ ಮೊಮ್ಮಗಳ ಕೈಯಲ್ಲಿತ್ತು, ಇನ್ನೊಂದು ತುದಿ ಪಕ್ಕದ ಮನೆ ಅಜ್ಜಿಯ ಕೈಯಲ್ಲಿ. ನಗರಸಭೆಯಲ್ಲಿ ವಿಚಾರಿಸುವವರೆಗೂ ಕಂಬಗಳು ಅಲ್ಲೇ ಮಲಗಿರಲಿ.

ಈ ವಾರದ ಲೆಕ್ಕ: ಎಕರೆಗೆ 40 ಗುಂಟೆಯಾದರೆ ಎಷ್ಟು ಚದರಡಿ? ಮಾಡಿ, ಅಜ್ಜಿ ತಾತಂದಿರಿಗೆ ತೋರಿಸಿ.