ಕಾರು ಹಿಂದೆ, ನಾವು ಮುಂದೆ, ನಡುವೆ ಒಂದು ರಾತ್ರಿ

ಬೆಂಗಳೂರಿನ ಯಾವ ಐಟಿ ಕಚೇರಿಯಲ್ಲಾದರೂ ಸರಿ, ಹಬ್ಬದ ಹಿಂದಿನ ಸಂಜೆ ಸ್ವಲ್ಪ ಕಿವಿಗೊಟ್ಟು ಕೇಳಿ. "ಎಷ್ಟೊತ್ತಿಗೆ ಬಿಡ್ತೀಯಾ?" "ಹನ್ನೊಂದಕ್ಕೆ ಬಿಟ್ರೆ ಬೆಳಗ್ಗೆ ಊರಲ್ಲೇ ಕಾಫಿ." ದಿನವಿಡೀ ಲ್ಯಾಪ್‌ಟಾಪ್ ನೋಡಿದ ಅದೇ ಕಣ್ಣು, ಅದೇ ಬೆನ್ನು ಮತ್ತೆ ರಾತ್ರಿಯಿಡೀ ಸ್ಟೇರಿಂಗ್ ಮುಂದೆ. ಬಸ್ಸಿದೆ, ರೈಲಿದೆ, ಗೊತ್ತು. ಆದರೆ ಊರಿಗೆ ಹೋದ ಮೇಲೆ ಅಜ್ಜಿಯನ್ನು ಡಾಕ್ಟರ್ ಹತ್ರ ಕರ್ಕೊಂಡು ಹೋಗಬೇಕು, ಎರಡು ಮದುವೆ, ಒಂದು ಗೃಹಪ್ರವೇಶ, ದೇವಸ್ಥಾನ ಬೇರೆ. ಬಸ್‌ಸ್ಟ್ಯಾಂಡಿಂದ ಮನೆಗೇ ಆಟೋ ಸಿಗಲ್ಲ.

ಅಂದರೆ ನಮಗೆ ಬೇಕಾದದ್ದು ಕಾರು. ಬೇಡವಾದದ್ದು ಡ್ರೈವಿಂಗ್.

ಈ ಎರಡನ್ನೂ ಬೇರೆ ಬೇರೆ ಮಾಡಬಹುದು ಅಂತ ನನಗೆ ಸರಿಯಾಗಿ ಅರ್ಥವಾದದ್ದು ಅಮೆರಿಕದಲ್ಲಿ. ಕೆಲಸದ ಮೇಲೆ ವರ್ಜೀನಿಯಾಗೆ ಬಂದು ನಾಲ್ಕು ವರ್ಷ ಆಯ್ತು. ಕಳೆದ ಚಳಿಗಾಲದಲ್ಲಿ ಅಪ್ಪ ಅಮ್ಮ ಬಂದಿದ್ದರು. ಇಲ್ಲಿ ಕನ್ನಡದವರ ಮನೆಗೆ ಹೆತ್ತವರು ಬಂದರೆ ಫ್ಲೋರಿಡಾ ತೋರಿಸುವುದು ಹೆಚ್ಚುಕಡಿಮೆ ಶಾಸ್ತ್ರ. ರಸ್ತೆಯಲ್ಲಿ ಹೋದರೆ ಹದಿಮೂರು ಗಂಟೆಗೆ ಕಡಿಮೆಯಿಲ್ಲ. ಅಪ್ಪನ ಬೆನ್ನಿಗೆ ಎರಡು ಗಂಟೆ ಕೂತರೇ ಕಷ್ಟ. ವಿಮಾನದಲ್ಲಿ ಹೋದರೆ ಅಲ್ಲಿ ಬಾಡಿಗೆ ಕಾರು, ಅಮ್ಮನ ಅಡುಗೆ ಸಾಮಾನಿನ ಡಬ್ಬಗಳು ಮನೆಯಲ್ಲೇ. ಆಗ ಸಹೋದ್ಯೋಗಿಯೊಬ್ಬ ಹೇಳಿದ: "ಆಟೋ ಟ್ರೇನ್ ನೋಡು."

ಆಟೋ ಟ್ರೇನ್ ಅಂದರೆ ನಮ್ಮ ಆಟೋರಿಕ್ಷಾ ಅಲ್ಲ. ಆಮ್‌ಟ್ರ್ಯಾಕ್ ಓಡಿಸುವ ಈ ರೈಲು ವಾಷಿಂಗ್ಟನ್ ಹತ್ತಿರದ ಲಾರ್ಟನ್‌ನಿಂದ ಒರ್ಲ್ಯಾಂಡೊ ಪಕ್ಕದ ಸ್ಯಾನ್‌ಫರ್ಡ್‌ಗೆ ಹೋಗುತ್ತದೆ. 855 ಮೈಲಿ, ಅಂದರೆ ಸುಮಾರು 1,376 ಕಿಲೋಮೀಟರ್. ಸಂಜೆ ಐದಕ್ಕೆ ಹೊರಟು ಮರುದಿನ ಬೆಳಗ್ಗೆ ಹತ್ತರ ಹೊತ್ತಿಗೆ ತಲುಪಬೇಕು. ಮುಂದೆ ಎರಡು ಅಂತಸ್ತಿನ ಪ್ರಯಾಣಿಕರ ಬೋಗಿಗಳು, ಹಿಂದೆ ಕಾರು ತುಂಬಿದ ಮುಚ್ಚಿದ ವ್ಯಾಗನ್‌ಗಳು. ಒಟ್ಟು ಉದ್ದ ಒಂದು ಕಿಲೋಮೀಟರ್ ದಾಟುತ್ತದೆ. 300ಕ್ಕೂ ಹೆಚ್ಚು ವಾಹನ ಹಿಡಿಸುತ್ತದೆ. ನಡುವೆ ಹತ್ತಲು ಇಳಿಯಲು ಒಂದೂ ಸ್ಟೇಷನ್ ಇಲ್ಲ. ಸೌತ್ ಕ್ಯಾರೊಲಿನಾದ ಫ್ಲಾರೆನ್ಸ್‌ನಲ್ಲಿ ಸಿಬ್ಬಂದಿ ಬದಲಾಗಲು, ಡೀಸೆಲ್ ತುಂಬಲು ನಿಲ್ಲುತ್ತದೆ, ಅಷ್ಟೇ. ಮತ್ತೊಂದು ತಮಾಷೆಯ ನಿಯಮ: ವಾಹನ ಇಲ್ಲದವರಿಗೆ ಈ ರೈಲಿನಲ್ಲಿ ಟಿಕೆಟ್ಟೇ ಇಲ್ಲ.

ಕೀ ಕೊಟ್ಟು ಕೈ ಬೀಸಿ

ಮಧ್ಯಾಹ್ನ ಮೂರರೊಳಗೆ ಸ್ಟೇಷನ್‌ನಲ್ಲಿರಬೇಕು. ಗೇಟಿನಲ್ಲಿ ಕಾರಿನ ಬಾಗಿಲಿಗೆ ನಂಬರಿರುವ ಮ್ಯಾಗ್ನೆಟ್ ಅಂಟಿಸುತ್ತಾರೆ. ಹಳೆಯ ಗೀಚುಗಳು ಮೊದಲೇ ಇದ್ದವಾ ಅಂತ ಆಮೇಲೆ ಜಗಳ ಬರಬಾರದಲ್ಲ, ಅದಕ್ಕೆ ಕಾರಿನ ವೀಡಿಯೊ ತೆಗೆಯುತ್ತಾರೆ. ರಾತ್ರಿಗೆ ಬೇಕಾದ ಬ್ಯಾಗು, ಮಾತ್ರೆ, ಸ್ವೆಟರ್ ಎಲ್ಲ ಕೈಯಲ್ಲಿ ಹಿಡಿದುಕೊಂಡು ಕೀ ಕೊಟ್ಟು ಇಳಿಯಬೇಕು. ಆಮೇಲೆ ಮರುದಿನದವರೆಗೆ ಕಾರಿನ ಹತ್ತಿರ ಯಾರೂ ಹೋಗುವಂತಿಲ್ಲ. ಸಿಬ್ಬಂದಿಯೇ ಒಂದೊಂದಾಗಿ ಕಾರುಗಳನ್ನು ಇಳಿಜಾರು ಹಲಗೆ ಹತ್ತಿಸಿ ವ್ಯಾಗನ್ ಒಳಗೆ ಓಡಿಸಿ ನಿಲ್ಲಿಸುತ್ತಾರೆ.

ನಮ್ಮಲ್ಲಿ ಹಾಸ್ಟೆಲ್ ಮುಗಿಸಿ ಬೈಕನ್ನು ರೈಲಿನಲ್ಲಿ ಊರಿಗೆ ಕಳಿಸಿದವರಿಗೆ ಇದರ ಸುಖ ತಟ್ಟನೆ ಗೊತ್ತಾಗುತ್ತದೆ. ಪಾರ್ಸೆಲ್ ಆಫೀಸು, ಪೆಟ್ರೋಲ್ ಖಾಲಿ ಮಾಡಿಸುವುದು, ಗೋಣಿಚೀಲ ಸುತ್ತಿಸುವುದು, ಆರ್‌ಸಿ ಜೆರಾಕ್ಸ್, ನಾವು ತಲುಪಿದ ಮೇಲೂ ಬೈಕು ಯಾವತ್ತು ಬರುತ್ತೋ ಅನ್ನುವ ಚಿಂತೆ. ಇಲ್ಲಿ ಗೋಣಿಚೀಲವಿಲ್ಲ. ಸಾಮಾನು ತುಂಬಿದ ಕಾರೇ ನಮ್ಮ ಲಗೇಜು, ಅದೂ ನಮ್ಮ ಜೊತೆಗೇ ಬರುತ್ತದೆ.

ಎಂಜಿನಿಯರಿಂಗ್ ಓದಿದವರ ಚಟ, ಒಂದು ಪ್ರಶ್ನೆ ಕಾಡುತ್ತಿತ್ತು. ಈ ರೈಲು ನ್ಯೂಯಾರ್ಕಿನಿಂದಲೇ ಯಾಕೆ ಹೊರಡಲ್ಲ? ಜನ ಹೆಚ್ಚಿರುವುದು ಅಲ್ಲೇ ತಾನೆ? ಕಾರಣ ಎತ್ತರ. ಕಾರುಗಳನ್ನು ಒಂದರ ಮೇಲೊಂದು ಅಟ್ಟದಲ್ಲಿ ನಿಲ್ಲಿಸುವ ಈ ವ್ಯಾಗನ್‌ಗಳು ವಾಷಿಂಗ್ಟನ್‌ನಿಂದ ಉತ್ತರಕ್ಕಿರುವ ಹಳೆಯ ಸುರಂಗಗಳಲ್ಲಿ ಹಿಡಿಸುವುದಿಲ್ಲ. ಹಾಗಾಗಿ ನ್ಯೂಜೆರ್ಸಿಯವರು ಮೊದಲು ಲಾರ್ಟನ್‌ವರೆಗೆ ಕಾರು ಓಡಿಸಿಕೊಂಡೇ ಬರಬೇಕು. ನೂರು ವರ್ಷದ ಹಿಂದೆ ಯಾರೋ ಕೊರೆದ ಸುರಂಗ ಇವತ್ತಿನ ಟೈಮ್‌ಟೇಬಲ್ ನಿರ್ಧರಿಸುತ್ತಿದೆ. ಲೆಗಸಿ ಕೋಡ್ ಜೊತೆ ಒದ್ದಾಡುವ ನಮಗೆ ಇದು ಹೊಸ ಕಥೆಯೇನಲ್ಲ.

ಸರ್ಕಾರಿ ಕಡತದಿಂದ ಹುಟ್ಟಿದ ರೈಲು

ಇದನ್ನು ಶುರು ಮಾಡಿದ್ದು ಆಮ್‌ಟ್ರ್ಯಾಕ್ ಅಲ್ಲ. ಯುಜೀನ್ ಗಾರ್‌ಫೀಲ್ಡ್ ಎಂಬಾತ ಅಮೆರಿಕದ ಸಾರಿಗೆ ಇಲಾಖೆಯಲ್ಲಿ ಕೆಲಸ ಮಾಡಿದ್ದವನು. ಕಾರು ಸಮೇತ ಪ್ರಯಾಣಿಕರನ್ನು ಒಯ್ಯುವ ರೈಲಿನ ಬಗ್ಗೆ ಇಲಾಖೆಯಲ್ಲಿ ಅಧ್ಯಯನ ನಡೆದಿತ್ತು. ಆತ ಹೊರಬಂದು ಖಾಸಗಿ ಕಂಪನಿ ಕಟ್ಟಿ 1971ರ ಡಿಸೆಂಬರ್‌ನಲ್ಲಿ ರೈಲು ಓಡಿಸಿಯೇಬಿಟ್ಟ. ಕೈಗೆ ಸಿಕ್ಕ ಹಳೆಯ ಬೋಗಿಗಳಿಗೆ ಬಿಳಿ, ಕೆಂಪು, ನೇರಳೆ ಬಣ್ಣ ಬಳಿಸಿದ. ಜನ ಮೆಚ್ಚಿಕೊಂಡರು, ಲಾಭವೂ ಬಂತು. ನಮ್ಮ ಸ್ಟಾರ್ಟಪ್‌ಗಳ ಹಾಗೆಯೇ ತಕ್ಷಣ ವಿಸ್ತರಣೆಗೆ ಕೈಹಾಕಿದ. 1974ರಲ್ಲಿ ಲೂಯಿವಿಲ್‌ನಿಂದ ಎರಡನೇ ಮಾರ್ಗ ಆರಂಭವಾಯಿತು. ಅದು ಕೈಕಚ್ಚಿತು. ಅಪಘಾತಗಳ ನಷ್ಟವೂ ಸೇರಿ 1981ರಲ್ಲಿ ಕಂಪನಿ ಬಾಗಿಲು ಹಾಕಿತು. 1983ರ ಅಕ್ಟೋಬರ್‌ನಲ್ಲಿ ಆಮ್‌ಟ್ರ್ಯಾಕ್ ಅದೇ ಮಾರ್ಗವನ್ನು ಮತ್ತೆ ಎಬ್ಬಿಸಿತು. ಅವತ್ತಿನಿಂದ ಓಡುತ್ತಲೇ ಇದೆ.

ಹಾಗಂತ ಹಳಿಯ ಮೇಲೆ ಏನೂ ಆಗಲ್ಲ ಅಂತಲ್ಲ. 2002ರ ಏಪ್ರಿಲ್‌ನಲ್ಲಿ ಫ್ಲೋರಿಡಾದ ಕ್ರೆಸೆಂಟ್ ಸಿಟಿ ಹತ್ತಿರ ಇದೇ ರೈಲು ಹಳಿ ತಪ್ಪಿ ನಾಲ್ವರು ಸತ್ತರು. ಆದರೆ ರಾತ್ರಿ ಹೆದ್ದಾರಿಯಲ್ಲಿ ರೆಪ್ಪೆ ಎಳೆಯುವ ಚಾಲಕನ ಅಪಾಯ ಪ್ರತಿ ಕಾರಿನಲ್ಲೂ, ಪ್ರತಿ ರಾತ್ರಿಯೂ ಇರುತ್ತದೆ. ಅದಕ್ಕೆ ತನಿಖಾ ವರದಿಯೂ ಇರುವುದಿಲ್ಲ.

ಕಾಯುವ ಹಾಲ್‌ನಲ್ಲಿ ಕಂಡದ್ದು

ಲಾರ್ಟನ್‌ನಲ್ಲಿ ಕಾಯುವ ಸಮಯ ಜಾಸ್ತಿ. ಸುತ್ತ ನೋಡಿದರೆ ಡಿಸ್ನಿ ಮಕ್ಕಳಿಗಿಂತ ಬಿಳಿ ತಲೆಗಳೇ ಹೆಚ್ಚು. ಚಳಿಗಾಲ ಬಂದಾಗ ಉತ್ತರದಿಂದ ಫ್ಲೋರಿಡಾಗೆ ಹೋಗಿ ಬೇಸಿಗೆಗೆ ಮರಳುವ ನಿವೃತ್ತರಿವರು. ಇಲ್ಲಿ ಅವರಿಗೆ 'ಸ್ನೋಬರ್ಡ್ಸ್' ಅಂತ ಹೆಸರು. ನಮ್ಮ ಪಕ್ಕ ಕೂತ ದಂಪತಿಗೆ ಎಂಬತ್ತರ ಆಸುಪಾಸು. ಅಮ್ಮ ಕೊಟ್ಟ ಕೋಡುಬಳೆ ಮುರಿಯುತ್ತಾ ಅಜ್ಜಿ ಹೇಳಿದರು: ಯಜಮಾನರಿಗೆ ಸಂಜೆಯಾದ ಮೇಲೆ ಎದುರಿನ ದೀಪ ಕಣ್ಣು ಕುಕ್ಕುತ್ತದೆ, ಮಕ್ಕಳು ಡ್ರೈವಿಂಗ್ ನಿಲ್ಲಿಸು ಅನ್ನುತ್ತಾರೆ. ಆದರೆ ಫ್ಲೋರಿಡಾದ ಅವರ ಬಡಾವಣೆಯಲ್ಲಿ ಕಾರಿಲ್ಲದಿದ್ದರೆ ಹಾಲು ತರಲೂ ಆಗುವುದಿಲ್ಲ. ಹಗಲಲ್ಲಿ ಅಂಗಡಿ, ಚರ್ಚು, ಡಾಕ್ಟರ್ ಹತ್ರ ಅಂತ ಐದಾರು ಮೈಲಿ ಅವರು ಆರಾಮಾಗಿ ಓಡಿಸುತ್ತಾರೆ. ಆಗದಿರುವುದು ನಡುವಿನ ಆ 855 ಮೈಲಿ ಮಾತ್ರ.

ಅಪ್ಪನಿಗೆ ಇಂಗ್ಲಿಷ್ ಅಷ್ಟಾಗಿ ಬರದಿದ್ದರೂ ಈ ಮಾತು ಪೂರ್ತಿ ಅರ್ಥವಾಯಿತು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಮಾರುತಿ 800ರಲ್ಲಿ ಹಾಡು ಹೇಳುತ್ತಾ ಇಳಿಸುತ್ತಿದ್ದ ಮನುಷ್ಯ. ಎರಡು ವರ್ಷದಿಂದ ರಾತ್ರಿ ಗಾಡಿ ಮುಟ್ಟಿಲ್ಲ. ಅದು ನಮ್ಮ ಮನೆಯಲ್ಲಿ ಯಾರೂ ಎತ್ತದ ವಿಷಯ. ಅವರು ಅಜ್ಜನ ಕಡೆ ತಿರುಗಿ ತಮ್ಮ ಕನ್ನಡಕ ತೋರಿಸಿ "ಮೀ ಟೂ" ಅಂದರು. ಇಬ್ಬರೂ ನಕ್ಕರು. ಆ ಎರಡು ಪದವನ್ನು ಅಪ್ಪ ನನ್ನ ಹತ್ತಿರ ಕನ್ನಡದಲ್ಲಿ ಒಮ್ಮೆಯೂ ಹೇಳಿರಲಿಲ್ಲ.

ವಯಸ್ಸಾದವರ ಕೈಯಿಂದ ಕೀ ಕಿತ್ತುಕೊಳ್ಳುವುದೊಂದೇ ದಾರಿ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಕಷ್ಟದ ದೂರವನ್ನು ಮಾತ್ರ ತೆಗೆದುಕೊಂಡು ಕೀಯನ್ನು ಅವರಿಗೇ ಬಿಡುವ ದಾರಿಯೂ ಇದೆ.

ರಾತ್ರಿಯ ಬಗ್ಗೆ ಹೇಳಲು ಹೆಚ್ಚಿಲ್ಲ. ಮಲಗುವ ಕೋಣೆಗಳಿವೆ, ದುಬಾರಿ. ನಾವು ತೆಗೆದುಕೊಂಡದ್ದು ಹಿಂದಕ್ಕೆ ಒರಗುವ ಸೀಟು. ಚಪಾತಿ, ಚಟ್ನಿಪುಡಿ, ಮೊಸರನ್ನ ಆಯ್ತು. ಅಪ್ಪ ಅರ್ಧ ಗಂಟೆಗೊಮ್ಮೆ ಎದ್ದು ಬೋಗಿಯ ತುದಿಯವರೆಗೆ ನಡೆದು ಬಂದರು. ಕಾರಿನಲ್ಲಾದರೆ ಇದು ಸಾಧ್ಯವಿತ್ತಾ? ಬೆಳಗ್ಗೆ ಕಿಟಕಿಯಾಚೆ ಪಾಮ್ ಮರಗಳು. ಸ್ಯಾನ್‌ಫರ್ಡ್‌ನಲ್ಲಿ ನಮ್ಮ ನಂಬರ್ ಕೂಗುವವರೆಗೆ ಕಾಯಬೇಕು. ಯಾರ ಕಾರು ಯಾವಾಗ ಇಳಿಯುತ್ತದೆ ಅನ್ನುವುದು ಅದೃಷ್ಟ, ಒಂದು ಗಂಟೆ ಮೀರಿದರೂ ಆಶ್ಚರ್ಯವಿಲ್ಲ. ಬೇಗ ಬೇಕೆಂದರೆ ಹೆಚ್ಚು ದುಡ್ಡು ಕೊಟ್ಟು ಮೊದಲ ಮೂವತ್ತರೊಳಗೆ ಜಾಗ ಕಾಯ್ದಿರಿಸಬಹುದು.

ಲೆಕ್ಕ ಕೂಡಿಬರುವುದು ಎಲ್ಲಿ?

ಟಿಕೆಟ್ ದರ ಸೀಸನ್ ನೋಡಿ ಏರಿಳಿಯುತ್ತದೆ. ಹಾಗಾಗಿ ಎದುರಿನ ತಕ್ಕಡಿಯಲ್ಲಿ ಏನಿದೆ ನೋಡಿ: ಗ್ಯಾಲನ್‌ಗೆ 30 ಮೈಲಿ ಕೊಡುವ ಕಾರಾದರೆ ಒಂದು ಕಡೆಗೆ ಸುಮಾರು 28 ಗ್ಯಾಲನ್ ಪೆಟ್ರೋಲ್, ದಾರಿಯಲ್ಲಿ ಒಂದು ರಾತ್ರಿ ಹೋಟೆಲ್, ಊಟ, ಟೈರಿನ ಸವೆತ. ಇದರಲ್ಲಿ ದೊಡ್ಡದು ಹೋಟೆಲ್. ಅಲ್ಲೇ ಗುಟ್ಟಿರುವುದು. ಒಬ್ಬನೇ ಚಾಲಕ ಒಂದೇ ಏಟಿಗೆ ಮುಗಿಸಲಾರದಷ್ಟು ದೂರವಿದ್ದರೆ ಮಾತ್ರ ಈ ರೈಲಿಗೆ ಅರ್ಥ. ಅದಕ್ಕಿಂತ ಕಡಿಮೆಯಾದರೆ ಕಾರು ಹತ್ತಿಸಿ ಇಳಿಸುವ ಸಮಯವೇ ಲಾಭ ನುಂಗುತ್ತದೆ.

ಯುರೋಪಿನಲ್ಲಿ ಆದದ್ದೂ ಇದೇ. ಬ್ರಿಟನ್ 1955ರಲ್ಲಿ ಲಂಡನ್‌ನಿಂದ ಸ್ಕಾಟ್‌ಲೆಂಡಿನ ಪರ್ತ್‌ಗೆ ಕಾರು ಸಮೇತ ರಾತ್ರಿ ರೈಲು ಶುರು ಮಾಡಿತು. ಹೆದ್ದಾರಿ ಸುಧಾರಿಸಿತು, ವಿಮಾನ ಅಗ್ಗವಾಯಿತು, 1995ರಲ್ಲಿ ಆ ಸೇವೆ ನಿಂತಿತು. ಫ್ರಾನ್ಸ್, ಜರ್ಮನಿಯ ರೈಲ್ವೆಗಳೂ ಕೈಬಿಟ್ಟವು. ಆದರೆ ಆಸ್ಟ್ರಿಯಾದ ನೈಟ್‌ಜೆಟ್ ವಿಯೆನ್ನಾ–ಹ್ಯಾಂಬರ್ಗ್‌ನಂಥ ಉದ್ದದ ಮಾರ್ಗಗಳಲ್ಲಿ ಈ ಪದ್ಧತಿ ಉಳಿಸಿಕೊಂಡಿತು.

ಈಗ ನಮ್ಮ ಮನೆಗೆ ಬರೋಣ. ಕೊಂಕಣ ರೈಲ್ವೆ 1999ರಿಂದಲೇ ಲಾರಿಗಳನ್ನು ರೈಲಿನ ಮೇಲೆ ಒಯ್ಯುತ್ತಿದೆ. ರೋ-ರೋ ಅಂತಾರಲ್ಲ, ಅದೇ. ಸುರತ್ಕಲ್‌ನಲ್ಲಿ ಸಾಲಾಗಿ ಲಾರಿ ಹೊತ್ತ ರೈಲು ನೋಡಿದವರು ನಿಮ್ಮಲ್ಲೂ ಇರಬಹುದು. 2025ರ ಗಣೇಶ ಹಬ್ಬಕ್ಕೆ ಮೊದಲ ಸಲ ಖಾಸಗಿ ಕಾರುಗಳಿಗೂ ಅವಕಾಶ ಘೋಷಿಸಿದರು. ಮಹಾರಾಷ್ಟ್ರದ ಕೋಲಾಡ್‌ನಿಂದ ಗೋವಾದ ವೆರ್ಣಾವರೆಗೆ, ಸಂಜೆ ಐದಕ್ಕೆ ಬಿಟ್ಟರೆ ಬೆಳಗ್ಗೆ ಐದಕ್ಕೆ. ಒಂದು ಟ್ರಿಪ್‌ಗೆ 40 ಕಾರು, ಕಾರಿಗೆ 7,875 ರೂಪಾಯಿ, ಜನರಿಗೆ ಜೊತೆಯ ಬೋಗಿಯಲ್ಲಿ ಬೇರೆ ಟಿಕೆಟ್.

ಯೋಚನೆ ಚೆನ್ನಾಗಿದೆ. ಆದರೆ ಮೇಲಿನ ಲೆಕ್ಕ ಹಾಕಿ ನೋಡಿ. ಮುಂಬೈಯವರು ಮೊದಲು ನೂರಕ್ಕೂ ಹೆಚ್ಚು ಕಿಲೋಮೀಟರ್ ಓಡಿಸಿ ಕೋಲಾಡ್ ತಲುಪಬೇಕು, ಮಧ್ಯಾಹ್ನ ಎರಡಕ್ಕೇ ಅಲ್ಲಿರಬೇಕು. ಅಷ್ಟು ಹೊತ್ತಿಗೆ ಕಾರಿನಲ್ಲೇ ಹೊರಟವನು ಮಧ್ಯರಾತ್ರಿಗೆ ಮನೆಯಲ್ಲಿರುತ್ತಾನೆ.

ಬೆಂಗಳೂರು–ಮಂಗಳೂರು ಆಸೆಯೂ ನನಗಿದೆ. ಆದರೆ ಆ ದೂರ ಸುಮಾರು 350 ಕಿಲೋಮೀಟರ್ ಮಾತ್ರ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 57 ಸುರಂಗ, 50 ಅಡಿಗೆ ಒಂದು ಅಡಿ ಏರು. ಅಲ್ಲಿಗೆ ಈ ರೈಲು ಕೂಡಿಬರುವುದು ಅನುಮಾನ. ಹಬ್ಬದ ರಾತ್ರಿ ಒಳ್ಳೆಯ ಬರ್ತ್ ಸಿಗಬೇಕು, ಇಳಿದ ಕಡೆ ನಂಬಬಹುದಾದ ಬಾಡಿಗೆ ಕಾರು ಸಿಗಬೇಕು, ಅಲ್ಲಿ ಅದೇ ಸರಿಯಾದ ಔಷಧ. ಆದರೆ ಬೆಂಗಳೂರು–ಪುಣೆ–ಮುಂಬೈ? ಸಾವಿರದ ಹತ್ತಿರದ ಕಿಲೋಮೀಟರ್, ಕೆಲಸ ಬದಲಾಯಿಸಿ ಮನೆ ಸಾಮಾನು ಸಮೇತ ಓಡಾಡುವ ಸಾವಿರಾರು ಜನ, ಎರಡೂ ತುದಿಯಲ್ಲಿ ಮನೆಯಿರುವ ಕುಟುಂಬಗಳು. ಕಾರ್ಖಾನೆಯ ಹೊಸ ಕಾರುಗಳು ಈಗಾಗಲೇ ರೈಲಿನಲ್ಲಿ ದೇಶ ಸುತ್ತುತ್ತಿವೆ. ಅವುಗಳ ಹಿಂದೆ ಮಾಲೀಕನಿಗೂ ಒಂದು ಬರ್ತ್ ಜೋಡಿಸುವುದು ರಾಕೆಟ್ ಸೈನ್ಸ್ ಅಲ್ಲ.

ಅಲ್ಲಿಯವರೆಗೆ ಒಂದು ಕೆಲಸ ಮಾಡಬಹುದು. ಈ ವಾರ ಊರಿಗೆ ಫೋನ್ ಮಾಡಿದಾಗ "ಕಾರು ಹೇಗಿದೆ?" ಅಂತ ಕೇಳುವ ಬದಲು, "ಅಪ್ಪಾ, ರಾತ್ರಿ ಎದುರಿನ ಲೈಟು ಕಣ್ಣು ಕುಕ್ಕುತ್ತಾ?" ಅಂತ ಕೇಳಿ. ಉತ್ತರ ಬರಲು ಸ್ವಲ್ಪ ತಡವಾದರೆ, ಮುಂದಿನ ಹಬ್ಬಕ್ಕೆ ಟಿಕೆಟ್ ನೀವೇ ಬುಕ್ ಮಾಡಿ.