ಮನೆತನದ ನೋವೆಂದು ತಳ್ಳಿಹಾಕದಿರಿ
‘ನಮ್ಮ ಮನೆತನದ ಹೆಣ್ಣುಮಕ್ಕಳಿಗೆಲ್ಲ ಹೀಗೇ.’ ಮುಟ್ಟಿನ ದಿನಗಳಲ್ಲಿ ನೋವಿನಿಂದ ನರಳುವ ಹುಡುಗಿಗೆ ರಾಯಚೂರು ಜಿಲ್ಲೆಯ ಕಲ್ಲೂರಿನಂಥ ಊರುಗಳಲ್ಲಿ ಸಿಗುವ ಸಮಾಧಾನ ಸಾಮಾನ್ಯವಾಗಿ ಇಷ್ಟೇ. ಮಹಾನಗರದ ಮನೆಗಳ ಮಾತೂ ಇದಕ್ಕಿಂತ ಬೇರೆಯಲ್ಲ. ವಿಪರ್ಯಾಸವೆಂದರೆ, ನೋವನ್ನು ಬದಿಗೆ ಸರಿಸಲು ಬಳಸುವ ಈ ಮಾತೇ ವೈದ್ಯರಿಗೆ ದೊರೆಯಬಹುದಾದ ಮೊದಲ ಸುಳಿವು.

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಅದರ ಹೊರಗೆ, ಅಂಡಾಶಯ ಹಾಗೂ ಕಿಬ್ಬೊಟ್ಟೆಯ ಇತರ ಭಾಗಗಳಲ್ಲಿ ಬೆಳೆಯುವುದೇ ಎಂಡೊಮೆಟ್ರಿಯೋಸಿಸ್. ಸಂತಾನ ಪಡೆಯುವ ವಯಸ್ಸಿನ ಹತ್ತು ಮಹಿಳೆಯರಲ್ಲಿ ಒಬ್ಬರನ್ನು, ಅಂದರೆ ಜಗತ್ತಿನಾದ್ಯಂತ ಸುಮಾರು 19 ಕೋಟಿ ಜನರನ್ನು ಇದು ಕಾಡುತ್ತಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅತಿಯಾದ ನೋವಷ್ಟೇ ಅಲ್ಲ, ಮಕ್ಕಳಾಗದಿರುವುದಕ್ಕೂ ಇದು ಕಾರಣವಾಗಬಲ್ಲದು. ಆ ಅಪವಾದವನ್ನು ಹೊರುವವಳು ಯಾರೆಂದು ಹೇಳಬೇಕಾಗಿಲ್ಲ.

ರೋಗದ ಸಾಧ್ಯತೆಯಲ್ಲಿ ಕಾಣುವ ವ್ಯತ್ಯಾಸದ ಸುಮಾರು ಅರ್ಧದಷ್ಟಕ್ಕೆ ಅನುವಂಶೀಯತೆ ಕಾರಣವೆಂದು ಸ್ವೀಡನ್ನಿನ ಅವಳಿ ಸೋದರಿಯರ ಕುರಿತ 2015ರ ಅಧ್ಯಯನ ಹೇಳಿತು. 60 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ 2023ರ ಅಧ್ಯಯನವು ವಂಶವಾಹಿಗಳಲ್ಲಿ 42 ಸ್ಥಾನಗಳನ್ನು ಗುರುತಿಸಿತು. ಆದರೆ ಅವರೆಲ್ಲ ಯುರೋಪ್ ಮತ್ತು ಪೂರ್ವ ಏಷ್ಯಾ ಮೂಲದವರು. ಭಾರತೀಯ ಮಹಿಳೆಯರ ಅಧ್ಯಯನವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಂಬೈ ಸಂಸ್ಥೆ ಕೈಗೆತ್ತಿಕೊಂಡಿರುವುದು ಸ್ವಾಗತಾರ್ಹ.

ಉಳಿದರ್ಧದ ಮಾತೇನು? ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ರಕ್ತದಲ್ಲಿ ಬಿಎಚ್‌ಸಿ ಕೀಟನಾಶಕದ ಅಂಶ ಹೆಚ್ಚಿರುವ ಮಹಿಳೆಯರಲ್ಲಿ ಈ ರೋಗದ ಸಂಭವವೂ ಹೆಚ್ಚೆಂದು ಕಂಡುಕೊಂಡಿತು. ಇದು ನಂಟು ಮಾತ್ರ, ಕಾರಣವೆಂದು ಸಾಬೀತಾಗಿಲ್ಲ. ಆದರೂ ನಮ್ಮ ರೈತರಿಗೆ ಬಿಎಚ್‌ಸಿ ಪುಡಿ ಅಪರಿಚಿತವಲ್ಲ. 1997ರಲ್ಲಿ ನಿಷೇಧಗೊಂಡ ಇದರ ಶೇಷ ಮಣ್ಣಿನಲ್ಲೂ ದೇಹದ ಕೊಬ್ಬಿನಲ್ಲೂ ಬಹುಕಾಲ ಉಳಿಯುತ್ತದೆ. ಹತ್ತಿ, ಮೆಣಸಿನಕಾಯಿ, ಭತ್ತ ಬೆಳೆಯುವ ರಾಯಚೂರು, ಮಾನ್ವಿ, ದೇವದುರ್ಗದ ಹೊಲಗಳಲ್ಲಿ ಕಳೆ ಕೀಳುವವರು, ಹತ್ತಿ ಬಿಡಿಸುವವರು ಬಹುಪಾಲು ಮಹಿಳೆಯರೇ. ಈ ಪ್ರಶ್ನೆಯನ್ನು ಇಲ್ಲಿ ಕೇಳದೆ ಇನ್ನೆಲ್ಲಿ ಕೇಳಬೇಕು?

ಕೇಳದಿದ್ದರೆ ಆಗುವ ಅನಾಹುತಕ್ಕೆ ನಿದರ್ಶನ ದೂರದಲ್ಲಿಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳ ಬಡ ಮಹಿಳೆಯರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದುಹಾಕಿದ ಹಗರಣ 2015ರಲ್ಲಿ ಬಯಲಾಯಿತು. ಹೊಟ್ಟೆನೋವೆಂದು ಬಂದವರಿಗೆ ಕತ್ತರಿಯೇ ಉತ್ತರವಾಗಿತ್ತು. ಎಂಡೊಮೆಟ್ರಿಯೋಸಿಸ್‌ನಲ್ಲಿ ರೋಗಗ್ರಸ್ತ ಅಂಗಾಂಶ ಇರುವುದೇ ಗರ್ಭಕೋಶದ ಹೊರಗೆ. ಗರ್ಭಕೋಶವನ್ನಷ್ಟೇ ತೆಗೆದರೆ ನೋವು ಹೋಗುವ ಖಾತರಿಯಿಲ್ಲ. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೊಳಿಸುವಂತೆ ಸುಪ್ರೀಂ ಕೋರ್ಟ್ 2023ರಲ್ಲಿ ಎಲ್ಲ ರಾಜ್ಯಗಳಿಗೆ ಆದೇಶಿಸಿದೆ. ಆರೋಗ್ಯ ಇಲಾಖೆ ಅದನ್ನು ಕಡತದಲ್ಲಿ ಮಲಗಿಸಬಾರದು.

ತಾಯಿಗೆ, ಅಕ್ಕ–ತಂಗಿಯರಿಗೆ ಇಂಥ ನೋವಿತ್ತೇ ಎಂದು ವಿಚಾರಿಸಲು ಯಂತ್ರವೂ ಬೇಡ, ಅನುದಾನವೂ ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿಯಲ್ಲಿ ಅದಕ್ಕೊಂದು ಸಾಲು ಸಾಕು. ಹೊಲದ ಕೆಲಸ, ಔಷಧಿ ಸಿಂಪಡಣೆಯ ವಿವರಕ್ಕೆ ಇನ್ನೊಂದು ಸಾಲು. ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಕೃಷಿ ವಿಶ್ವವಿದ್ಯಾಲಯ ಎರಡೂ ರಾಯಚೂರಿನಲ್ಲೇ ಇವೆ. ಈ ಚೀಟಿಗಳನ್ನು ಒಟ್ಟಿಗೆ ಕುಳಿತು ಓದುವ ಹೊಣೆಯನ್ನು ಸರ್ಕಾರ ಅವೆರಡಕ್ಕೂ ವಹಿಸಬೇಕು.